ಸಹಾಯ ಬೇಕು: ಸಿ ಆಧರಿಸಿದ ಹೊಸ ಪ್ರೋಗ್ರಾಮಿಂಗ್ ಭಾಷೆಗೆ ಏನು ಇಡಲಿ, ಏನು ಬಿಡಲಿ?

ನಮಸ್ಕಾರ. ಆರು ತಿಂಗಳಿಂದ ರಜೆ ಸಿಕ್ಕಾಗೆಲ್ಲ ಕೂತು ಸಿ ಆಧಾರದ ಮೇಲೆ ಒಂದು ಚಿಕ್ಕ ಸಿಸ್ಟಮ್ಸ್ ಭಾಷೆ ಕಟ್ಟುತ್ತಿದ್ದೇನೆ. ಪಾರ್ಸರ್ (ಕೋಡ್ ಓದಿ ಅದರ ರಚನೆ ಗುರುತಿಸುವ ಭಾಗ) ಮುಗಿದಿದೆ. ಸದ್ಯಕ್ಕೆ ಅದು ಸಿ ಕೋಡ್ ಬರೆದು ಜಿಸಿಸಿ ಕಂಪೈಲರ್ ಕೈಗೆ ಕೊಡುತ್ತದೆ. ಫೀಚರ್ ಆರಿಸುವಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಕೆಲವು ತೀರ್ಮಾನವಾಗಿವೆ. ಸ್ವಿಚ್‌ನಲ್ಲಿ ಬ್ರೇಕ್ ಮರೆತರೆ ಮುಂದಿನ ಕೇಸ್‌ಗೆ ಜಾರುವ ಕಾಟ ಇರುವುದಿಲ್ಲ. ಸಿಯ ಹೆಡರ್ ಫೈಲ್ ಬದಲು ಮಾಡ್ಯೂಲ್. ಡಿಫರ್, ಅಂದರೆ ಒಂದು ಕೆಲಸವನ್ನು ಕೊನೆಗೆ ಮಾಡು ಅಂತ ಮೊದಲೇ ಬರೆದಿಡುವ ಸೌಲಭ್ಯ, ಬೇಕೇ ಬೇಕು. ಗೋ ಭಾಷೆಯಲ್ಲಿ ಅದು ಫಂಕ್ಷನ್ ಮುಗಿದಾಗ ಓಡುತ್ತದೆ, ಝಿಗ್‌ನಲ್ಲಿ ಬ್ಲಾಕ್ ಮುಗಿದಾಗ. ನನಗೆ ಝಿಗ್ ರೀತಿ ಇಷ್ಟ. ಲೂಪ್ ಒಳಗೆ ತೆರೆದ ಫೈಲ್ ಆ ಸುತ್ತಿನಲ್ಲೇ ಮುಚ್ಚಬೇಕು, ಅಲ್ವಾ?

ನಿಜವಾದ ತಲೆನೋವು ಅರೇ (ಒಂದೇ ಬಗೆಯ ಮೌಲ್ಯಗಳ ಸಾಲು). ಸಿಯಲ್ಲಿ ಅರೇಯನ್ನು ಫಂಕ್ಷನ್‌ಗೆ ಕೊಟ್ಟ ಕೂಡಲೇ ಬರೀ ಪಾಯಿಂಟರ್ (ಮೆಮೊರಿ ವಿಳಾಸ) ಉಳಿಯುತ್ತದೆ, ಉದ್ದ ಕಳೆದುಹೋಗುತ್ತದೆ. ಅದಕ್ಕೇ ಪಾಯಿಂಟರ್ ಜೊತೆ ಉದ್ದವನ್ನೂ ಹೊತ್ತ ಸ್ಲೈಸ್ ಇಟ್ಟೆ. 64 ಬಿಟ್ ಯಂತ್ರದಲ್ಲಿ 8ರ ಬದಲು 16 ಬೈಟ್, ಪರವಾಗಿಲ್ಲ. ಆದರೆ ಹಳೆಯ ಸಿ ಲೈಬ್ರರಿಗಳಿಗೆ ಸ್ಟ್ರಿಂಗ್ ಕೊನೆಯಲ್ಲಿ ಸೊನ್ನೆ ಬೈಟ್ ಬೇಕು. ಸ್ಟ್ರಿಂಗ್ ಮಧ್ಯದಿಂದ ಕತ್ತರಿಸಿದ ಸ್ಲೈಸ್‌ಗೆ ಅದು ಎಲ್ಲಿಂದ ಬರಬೇಕು? ಪ್ರತಿ ಸಲ ನಕಲು ಮಾಡಲೇ, ಸೊನ್ನೆ ಇರುವ ಸ್ಟ್ರಿಂಗ್‌ಗೆ ಬೇರೆ ಟೈಪ್ ಇಡಲೇ? ಎರಡನ್ನೂ ಬರೆದು ನೋಡಿದೆ. ಎರಡೂ ಕಿರಿಕಿರಿಯೇ.

ಇನ್ನೊಂದು, ಬೌಂಡ್ಸ್ ಚೆಕ್, ಅಂದರೆ ಅರೇಯ ಗಡಿ ದಾಟುತ್ತಿದೆಯೇ ಅಂತ ಪ್ರೋಗ್ರಾಂ ಓಡುವಾಗ ನೋಡುವುದು. ರಸ್ಟ್ ಭಾಷೆ ಅದನ್ನು ರಿಲೀಸ್ ಬಿಲ್ಡ್‌ನಲ್ಲೂ ಇಡುತ್ತದೆ. ನಾನೂ ಹಾಗೇ ಮಾಡೋಣ ಅಂತಿದ್ದೇನೆ. (ಮೆಮೊರಿ ಬಳಕೆ ಸರಿಯಿದೆಯೇ ಅಂತ ಕಂಪೈಲ್ ಹೊತ್ತಿಗೇ ನೋಡುವ ರಸ್ಟ್ ತರದ ಬಾರೋ ಚೆಕರ್ ಹಾಕು ಅಂತ ಮಾತ್ರ ಹೇಳಬೇಡಿ, ಒಬ್ಬನ ಕೈಲಿ ಆಗುವ ಕೆಲಸವಲ್ಲ.) ಮೈಕ್ರೋಕಂಟ್ರೋಲರ್‌ಗೆ ಕೋಡ್ ಬರೆಯುವವರು ಯಾರಾದರೂ ಇದ್ದರೆ ಹೇಳಿ: 32 ಕೆಬಿ ಫ್ಲ್ಯಾಶ್ ಇರುವ ಚಿಪ್‌ನಲ್ಲಿ ಈ ಚೆಕ್‌ಗಳು ಜಾಸ್ತಿ ಜಾಗ ತಿನ್ನುತ್ತವೆಯೇ?