74ರ ಅವ್ವ, ಅಧಿಕ ಜ್ಯೇಷ್ಠದ ಏಕಾದಶಿ, ರಾಯಚೂರಿನ ಬಿಸಿಲು: ನಿಮ್ಮ ಮನಿಯಾಗ ಏನು ಮಾಡಿದ್ರಿ?

ಊರು ಬಿಟ್ಟ ಮಗ

ಅವ್ವಗ 74. ರಾಯಚೂರಿನಾಗ ಒಬ್ಬರೇ ಇರ್ತಾರ, ನಾ ಬೆಂಗಳೂರಾಗ. ಸಕ್ಕರಿಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್. ಬಿಪಿಗೆ ಟೆಲ್ಮಿಸಾರ್ಟನ್, ಅದರಾಗೇ ನೀರಿಳಿಸೋ ಮಾತ್ರಿನೂ ಕೂಡ್ಯದ. ಏಕಾದಶಿ ನಿರ್ಜಲ, ಒಂದೂ ತಪ್ಪಿಸಂಗಿಲ್ಲ. ಈ ಪರಾಭವ ಸಂವತ್ಸರದಾಗ 2026ರ ಮೇ 17ರಿಂದ ಜೂನ್ 15ರ ತನಕ ಅಧಿಕ ಜ್ಯೇಷ್ಠ. ಅದರಾಗ ಎರಡು ಏಕಾದಶಿ, ಮುಂದ ನಿಜ ಜ್ಯೇಷ್ಠದ ಭೀಮಸೇನನ ಏಕಾದಶಿ. ನಡುವ 33 ಅಪೂಪದ (ಕರಿದ ಸಿಹಿ ಭಕ್ಷ್ಯದ) ದಾನಕ್ಕಂತ ಒಲಿ ಮುಂದ ಕೂಡ್ತಾರ. ಬ್ಯಾಡ ಅಂದ್ರ ಮಾತು ಬಿಡ್ತಾರ. ಹಿರಿಯರಿದ್ದ ಮನಿಯವ್ರು ಹೆಂಗ ನಿಭಾಯಿಸೀರಿ, ಹೇಳ್ರಿ.

ಬಿಸಿಲನಾಡ ಸೊಸಿ

ನಮ್ಮತ್ತಿ ದ್ವಾದಶಿ ನಸುಕಿನ್ಯಾಗ ಪಾರಣಿ (ಉಪವಾಸ ಬಿಡೋ ಊಟದ) ಅಡಿಗಿಗೆ ಮಡಿನೀರು ತರಲಿಕ್ಕೆ ಎದ್ದವರು ಬಚ್ಚಲಮನಿ ಹೊಸ್ತಿಲದಾಗ ಬಿದ್ರು. ದಶಮಿ ಒಂದೊಪ್ಪತ್ತು ಉಂಡದ್ದು, ಏಕಾದಶಿ ಹನಿ ನೀರಿಲ್ಲ, ಆದ್ರ ಆ ನೀರಿಳಿಸೋ ಮಾತ್ರಿ ಮಾತ್ರ ದಶಮಿ ರಾತ್ರಿ ನೇಮದ ಪ್ರಕಾರ ಒಳಗ ಹೋಗಿತ್ತು. ಎದ್ದು ನಿಂತ ಕೂಡ್ಲೆ ಬಿಪಿ ಇಳಿದು ಕಣ್ಣಿಗೆ ಕತ್ತಲಿ ಬಂತು. ಸೊಂಟದ ಹತ್ರ ತೊಡಿ ಎಲುಬು ಮುರೀತು.

ಖರ್ಚು ಬರೀತೀನಿ, ಎಲ್ಲಾರೂ ಓದ್ರಿ. ರಕ್ತದಾಗಿನ ಉಪ್ಪಿನಂಶ, ಸೋಡಿಯಂ, 121 ಇತ್ತು, 135ರ ಮ್ಯಾಲ ಇರಬೇಕಾದ್ದು. ಅದನ್ನ ಗಡಬಡಿ ಮಾಡಿ ಏರಿಸೂ ಹಂಗಿಲ್ಲ, ಮಿದುಳಿಗೆ ಪೆಟ್ಟು ಅಂದ್ರು. ಅದಕ್ಕ ಆಪರೇಷನ್ ಮುಂದಕ್ಕ ಹೋತು, ಐಸಿಯು ಬಾಡಿಗಿ ದಿನಕ್ಕ 11,500 ಓಡ್ತಾನೇ ಇತ್ತು. ಆಪರೇಷನ್‌ಗೆ 1,38,000, ಒಳಗ ಕೂಡಿಸಿದ ಇಂಪ್ಲಾಂಟ್‌ಗೆ ಬ್ಯಾರೆ 62,000. ವಿಮಾ ಇತ್ತು. ಆದ್ರ ನಾವು ತಗೊಂಡ ರೂಮು ಪಾಲಿಸಿ ಮಿತಿಗಿಂತ ದೊಡ್ಡದಂತ. ಅದಕ್ಕ ರೂಮಿನ ಹೆಚ್ಚಿನ ರೊಕ್ಕ ಒಂದೇ ಅಲ್ಲ, ಡಾಕ್ಟರ್ ಫೀಸು, ಥಿಯೇಟರ್ ಎಲ್ಲಾದ್ರಾಗೂ ಅದೇ ಪ್ರಮಾಣದಾಗ ಕಡಿದ್ರು. ಮನಿಗೆ ಬಂದ ಮ್ಯಾಲ ಮಂಚ ತಿಂಗಳಿಗೆ 3,200, ವಾಕರ್ 1,450, ಹತ್ತರ ಡೈಪರ್ ಪ್ಯಾಕಿಗೆ 480, ನೋಡಿಕೊಳ್ಳೋಕಿಗೆ ದಿನಕ್ಕ 700, ಫಿಸಿಯೋ ಒಂದು ಸಲ ಬಂದು ಹೋದ್ರ 500. ಇಷ್ಟೆಲ್ಲಾ ಆದ್ರೂ ನಾದಿನಿ ಫೋನ್ ಮಾಡಿ "ಅಮ್ಮನ್ನ ಬಚ್ಚಲಕ್ಕ ಒಬ್ಬಾಕಿನ್ನ ಯಾಕ ಬಿಟ್ಟಿ" ಅಂತಾರ. ಊರಿಂದ ಬರಲಿಕ್ಕೆ ರಿಸರ್ವೇಶನ್ ಸಿಗಲಿಲ್ಲ ಅಂದಾಕಿ ಆಕಿ.

ಈಗ ನಮ್ಮ ಮನಿಯಾಗ ಅತ್ತಿ ಏಕಾದಶಿಗೆ ನೀರು ಕುಡೀತಾರ, ಹಣ್ಣು ತಿಂತಾರ, ಮಾತ್ರಿ ನುಂಗ್ತಾರ. ನಾ ಹೇಳಿದ್ದಕ್ಕಲ್ಲ. ಮಠದ ಆಚಾರ್ರು ಮನಿಗೆ ಬಂದು, ಮುಂದ ಕೂತು ಹೇಳಿದ್ದಕ್ಕ. ಬೆಂಗಳೂರಿಂದ ಫೋನಿನ್ಯಾಗ ಹೇಳಿದ್ರ ಯಾರೂ ಕೇಳಂಗಿಲ್ಲ.

ಕಡಲಬದಿಯವ

ಕೇಳಲಿಕ್ಕೆ ಬೇಸರವಾಯಿತು, ಆದರೆ ಬಿದ್ದದ್ದಕ್ಕೆಲ್ಲ ಏಕಾದಶಿ ಕಾರಣ ಅಂತ ಮಾಡಬೇಡಿ ಮಾರಾಯ್ರೆ. ನಮ್ಮ ತಂದೆಯವರಿಗೆ 79. ಉಡುಪಿಯಲ್ಲಿ ಮೇ ತಿಂಗಳ ಸೆಕೆ ಹೇಗೆ ಅಂತ ಇಲ್ಲಿದ್ದವರಿಗೆ ಗೊತ್ತುಂಟು, ಕೂತಲ್ಲೇ ಬೆವರು ಇಳಿಯುತ್ತದೆ. ಇವತ್ತಿಗೂ ನಿರ್ಜಲವೇ. ಅದಕ್ಕೊಂದು ಕ್ರಮ ಉಂಟು. ದಶಮಿಯ ಮಧ್ಯಾಹ್ನ ಮಜ್ಜಿಗೆಯಲ್ಲಿ ಉಣ್ಣುತ್ತಾರೆ, ಉಪ್ಪಿನಕಾಯಿ, ಕರಿದದ್ದು ಮುಟ್ಟುವುದಿಲ್ಲ. ಸಂಜೆಯವರೆಗೆ ಗಂಟೆಗೊಂದು ಲೋಟ ನೀರು, ಒಮ್ಮೆಲೇ ಅಲ್ಲ. ಏಕಾದಶಿಯ ದಿನ ಬೆಳಿಗ್ಗೆ ಪೂಜೆ ಮುಗಿಸಿದರೆ ಮತ್ತೆ ಹೊರಗೆ ಕಾಲಿಡುವುದಿಲ್ಲ, ಮಾತೂ ಕಡಿಮೆ. ದ್ವಾದಶಿಗೆ ತೀರ್ಥ, ಆಮೇಲೆ ಅಗಸೆ ಸೊಪ್ಪು, ನೆಲ್ಲಿಕಾಯಿ, ಮೆತ್ತಗಿನ ಅನ್ನ.

ನಾನು ಮಾಡಿದ್ದು ಒಂದೇ, ಅವರ ಕೋಣೆಗೆ ಎಸಿ ಹಾಕಿಸಿದ್ದು. ಒಂದು ಟನ್ನಿನ ಇನ್ವರ್ಟರ್ ಎಸಿ 38,900. ಅಷ್ಟಕ್ಕೇ ಮುಗಿಯಿತು ಅಂದುಕೊಂಡರೆ ಹೊರಗಿನ ಸ್ಟ್ಯಾಂಡಿಗೆ 1,200, ಕೂಡಿಸುವ ಕೂಲಿ 1,500, ತಾಮ್ರದ ಪೈಪು ಮೂರು ಮೀಟರಿಗಿಂತ ಹೆಚ್ಚು ಬೇಕಾದ್ದಕ್ಕೆ ಮೀಟರಿಗೆ 850, ಸ್ಟೆಬಿಲೈಸರ್ 2,400. ಸಮುದ್ರದ ಗಾಳಿಗೆ ಹೊರಗಿನ ಕಾಯಿಲು ತುಕ್ಕು ಹಿಡಿದು ಗ್ಯಾಸು ಸೋರಿತು, ಅದಕ್ಕೆ ಮತ್ತೆ 3,800. ಕೊಟ್ಟೆ. ವ್ರತ ಬಿಡಿಸಲಿಲ್ಲ. ಎಂಟು ವರ್ಷದಿಂದ ಎಂಬತ್ತರವರೆಗೆ ಉಪವಾಸ ಅಂತ ಶಾಸ್ತ್ರವೇ ಹೇಳುತ್ತದೆ. ಎಂಬತ್ತಾದ ಮೇಲೆ ಅವರೇ ಯೋಚಿಸುತ್ತಾರೆ.

ಬಿಸಿಲನಾಡ ಸೊಸಿ

ನಿಮ್ಮ ತಂದಿಯವರಿಗೆ ಸಕ್ಕರಿ ಅದ ಏನ್ರಿ? ಬಿಪಿ?

ಕಡಲಬದಿಯವ

ಥೈರಾಯ್ಡ್ ಮಾತ್ರ.

ಬಿಸಿಲನಾಡ ಸೊಸಿ

ಹಂಗಂದ್ರ ನಿಮ್ಮ ಎಸಿ ಲೆಕ್ಕ ತಗೊಂಡು ಈ ತಮ್ಮ ಏನ್ ಮಾಡ್ಬೇಕು? ಅವ್ವ ಗ್ಲಿಮೆಪಿರೈಡ್ ಮ್ಯಾಲ ಇದ್ದಾರ ಅಂತ ಮ್ಯಾಲೇ ಬರದಾನ. ಅನ್ನ ಇಲ್ದ ಆ ಮಾತ್ರಿ ನುಂಗಿದ್ರ ಸಕ್ಕರಿ ನೆಲ ಕಚ್ಚತದ. ಮಾತ್ರಿ ಬಿಟ್ರ ಏರತದ. ಗಟ್ಟಿಮುಟ್ಟು ಇದ್ದವರ ಉದಾಹರಣಿ ಕೊಟ್ಟು ರೋಗ ಇದ್ದವರನ್ನ ಹುರಿದುಂಬಿಸಬ್ಯಾಡ್ರಿ.

ಕಡಲಬದಿಯವ

ಗಟ್ಟಿಮುಟ್ಟು ಆಕಾಶದಿಂದ ಬೀಳುವುದಿಲ್ಲ ಅಮ್ಮ. ಹದಿನೈದು ದಿನಕ್ಕೊಮ್ಮೆ ಬಾಯಿ ಕಟ್ಟಿದ್ದಕ್ಕೇ ಅವರಿಗೆ ಸಕ್ಕರೆ ಬರಲಿಲ್ಲ.

ಅಗ್ರಹಾರದ ಮೇಷ್ಟ್ರು

ಇದು ತಪ್ಪು, ಕಡಲಬದಿಯವರೇ. ನಮ್ಮಣ್ಣನೂ ಬಾಲ್ಯದಿಂದ ಏಕಾದಶಿ ಮಾಡಿದವರು, ಐವತ್ತಕ್ಕೇ ಸಕ್ಕರೆ ಬಂತು. ಇರಲಿ. ಶಾಸ್ತ್ರದ ಮಾತು ಎತ್ತಿದ್ದೀರಿ, ಪೂರ್ತಿ ಹೇಳಿ. ವ್ರತ ಕೆಡಿಸದ ಎಂಟು ವಸ್ತುಗಳು ಮಹಾಭಾರತದ ಉದ್ಯೋಗಪರ್ವದಲ್ಲೇ ಇವೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಕೋರಿಕೆ, ಗುರುವಿನ ಮಾತು, ಔಷಧ. ಮೊದಲನೆಯದೇ ನೀರು, ಕೊನೆಯದು ಔಷಧ. ಅಣ್ಣನಿಗೆ ಇದನ್ನು ದಪ್ಪ ಅಕ್ಷರದಲ್ಲಿ ಬರೆದು ದೇವರಮನೆ ಬಾಗಿಲಿಗೆ ಅಂಟಿಸಿಕೊಟ್ಟೆ. ಅವತ್ತಿನಿಂದ ಮಾತ್ರೆಯ ಜಗಳ ನಿಂತಿತು.

ಅಣ್ಣನ ಮನೆಯದು ಇನ್ನೊಂದು ಸಂಕಟ. ಅತ್ತಿಗೆಯ ತವರು ಮಾಧ್ವರು, ನಾವು ಸ್ಮಾರ್ತರು. ಅರುಣೋದಯದಲ್ಲಿ ದಶಮಿಯ ಸೋಂಕಿದ್ದರೆ ಅವರಿಗೆ ಏಕಾದಶಿ ಮಾರನೆಯ ದಿನ. ಒಂದು ಬೇಸಿಗೆಯಲ್ಲಿ ಗೋಡೆಗೆ ಎರಡು ಪಂಚಾಂಗ ನೇತುಹಾಕಿಕೊಂಡು ಅತ್ತಿಗೆ ಎರಡೂ ದಿನ ಉಪವಾಸ ಮಾಡಿದರು. ನಾಲಿಗೆ ಒಣಗಿ, ಮೂತ್ರ ಕಟ್ಟಿ, ಡ್ರಿಪ್ ಹಾಕಿಸಿ ಬಂದದ್ದಕ್ಕೆ 9,400. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 0.9 ಇದ್ದದ್ದು 2.3ಕ್ಕೆ ಹೋಗಿತ್ತು. ಕೆಳಗಿಳಿಯಲು ವಾರಗಳೇ ಹಿಡಿದವು, ಪ್ರತಿ ಪರೀಕ್ಷೆಗೂ 350.

ಕಡಲಬದಿಯವ

ಮೇಷ್ಟ್ರೇ, ಆ ಎಂಟು ರಿಯಾಯಿತಿ ಬೇರೆ ವ್ರತಗಳಿಗೆ. ಏಕಾದಶಿ ನಿತ್ಯವ್ರತ, ಬಿಡುವಂತಿಲ್ಲದ್ದು. ಸ್ಮಾರ್ತರ ಮನೆಯಲ್ಲಿ ಅವಲಕ್ಕಿ, ಉಪ್ಪಿಟ್ಟು ತಿಂದು ಏಕಾದಶಿ ಅನ್ನುವವರ ಹತ್ತಿರ ನಾವು ಕಲಿಯುವುದಕ್ಕಿಲ್ಲ.

ಅಗ್ರಹಾರದ ಮೇಷ್ಟ್ರು

ಅವಲಕ್ಕಿ ತಿಂದು ನಮ್ಮ ತಾಯಿ ತೊಂಬತ್ತೊಂದು ವರ್ಷ ಬದುಕಿದರು, ಸ್ವಾಮಿ. ಕೊನೆಯ ಏಕಾದಶಿಯಂದೂ ವಿಷ್ಣುಸಹಸ್ರನಾಮ ತಪ್ಪಲಿಲ್ಲ. ಮನೆತನದ ಮಾತು ಎತ್ತಬೇಡಿ.

ಕಲಬುರಗಿ ಹುಡುಗ

ನಾ ಮುಸ್ಲಿಂ, ನಿಮ್ಮ ಪಂಚಾಂಗದ ಜಗಳ ನನಗ ತಿಳಿಯಂಗಿಲ್ಲ. ಆದ್ರ ಸಕ್ಕರಿ, ಬಿಸಿಲು, ಉಪವಾಸ ಮೂರೂ ಕೂಡಿದ್ರ ಏನಾಗ್ತದ ಅಂತ ಚೆಂದಾಗಿ ಗೊತ್ತದ. 2018ರಾಗ ರಂಜಾನ್ ಮೇ ನಡುವಿಂದ ಜೂನ್ ನಡುವಿನ ತನಕ ಬಂದಿತ್ತು. ಕಲಬುರಗಿ ಬಿಸಿಲು, ಅಬ್ಬಾಗ 68. ಒಂದು ರೋಜಾನೂ ಬಿಡಂಗಿಲ್ಲ ಅಂತ ಹಟ.

ನಾವು ರಂಜಾನ್‌ಗಿಂತ ಮೊದಲೇ ಡಾಕ್ಟರ್ ಹತ್ರ ಹೋದ್ವಿ. ಅವರು ಮುಂಜಾನಿ ಡೋಸು ಇಫ್ತಾರಿಗೆ (ಸಂಜಿ ರೋಜಾ ಬಿಡೋ ಹೊತ್ತಿಗೆ) ತಿರುಗಿಸಿದ್ರು, ಸೆಹ್ರಿದ್ದು (ನಸುಕಿನ ಊಟದ್ದು) ಅರ್ಧ ಮಾಡಿದ್ರು. ಮೂತ್ರದಾಗ ಸಕ್ಕರಿ ಹೊರಗ ಹಾಕೋ ಹೊಸ ಜಾತಿ ಮಾತ್ರಿ ಇತ್ತಲ್ಲ, ಹೆಸರು "ಗ್ಲಿಫ್ಲೋಜಿನ್" ಅಂತ ಮುಗೀತದ, ಅದನ್ನ ಬಂದ್ ಮಾಡಿದ್ರು. ಅದು ನೀರೂ ಎಳಕೊಂಡು ಹೋಗ್ತದ, ಹೊಟ್ಟಿ ಖಾಲಿ ಇದ್ದಾಗ ರಕ್ತ ಹುಳಿ ಏರಸ್ತದ ಅಂದ್ರು. ಸಕ್ಕರಿ ನೋಡೋ ಮೀಟರ್ 70ಕ್ಕಿಂತ ಕೆಳಗ ತೋರಿಸಿದ್ರ ಆ ಕ್ಷಣ ರೋಜಾ ಬಿಡಬೇಕು, ಇಫ್ತಾರಿಗೆ ಹತ್ತು ನಿಮಿಷ ಇದ್ರೂ. ಬೆರಳು ಚುಚ್ಚಿದ್ರ ರೋಜಾ ಮುರಿಯಂಗಿಲ್ಲ ಅಂತ ಮೌಲಾನಾ ಹತ್ರಾನೇ ಕೇಳಿಸ್ದೆ. ಐವತ್ತು ಸ್ಟ್ರಿಪ್ಪಿನ ಡಬ್ಬಿ 1,050. ತಿಂಗಳು ಮುಗಿಯೋದ್ರಾಗ ಡಬ್ಬಿ ಮ್ಯಾಲ ಡಬ್ಬಿ. ಅಂಗಡಿಯವ ಒಮ್ಮೆ ದಿನಾಂಕ ಮುಗಿದದ್ದು ಕೊಟ್ಟ, ಅದರಾಗ ಬಂದ ಲೆಕ್ಕ ಎಲ್ಲಾ ಸುಳ್ಳು.

ಆದ್ರೂ ಅಬ್ಬಾ ಮೀಟರಿನ ಅಂಕಿ ಮುಚ್ಚಿಡ್ತಿದ್ರು. ಒಂದಿನ ಇಳಿಹೊತ್ತಿನ ಅಸರ್ ನಮಾಜಿನ ಮ್ಯಾಲ ಕೈ ನಡುಗಿ, ಅಂಗಿ ಎಲ್ಲಾ ತೊಯ್ದು, ಮಾತು ತೊದಲಿತು. ನೋಡಿದ್ರ 52. ಅಮ್ಮಿ ಮೂರು ಚಮಚ ಸಕ್ಕರಿ ನೀರಾಗ ಕಲಸಿ ಕುಡಿಸಿದ್ರು. ಅಬ್ಬಾ ಅತ್ತುಬಿಟ್ರು. ಮೌಲಾನಾ ಬಂದು, ರೋಗಿಗೆ, ಕೈಲಾಗದ ವಯಸ್ಸಾದವರಿಗೆ ಬಿಡೋ ಅನುಮತಿ ಕುರಾನಿನಾಗೇ ಅದ, ಒಂದು ರೋಜಾಕ್ಕ ಒಬ್ಬ ಬಡವಗ ಊಟ ಹಾಕಿ ಫಿದ್ಯಾ ಕೊಡು ಅಂದ್ರು. ಈಗ ಪ್ರತಿ ವರ್ಷ ಅಬ್ಬಾನೇ ಎಣಿಸಿ ಕೊಡ್ತಾರ. ಮಸೀದಿ ಮುಂದ ಬ್ಯಾಸಗಿ ಅರವಟ್ಟಿಗಿನೂ ಅವರೇ ನೋಡಿಕೊಳ್ತಾರ.

ಡಯಾಲಿಸಿಸ್ ಮನೆಯವಳು

ಅರವಟ್ಟಿಗೆ ಅಂದ ತಕ್ಷಣ ಹೊಟ್ಟೆ ಉರಿಯುತ್ತೆ. ನೀರು, ಮಜ್ಜಿಗೆ ಕೊಡಿ, ಪುಣ್ಯ ಬರಲಿ. ಎಳನೀರು ಯಾಕೆ? ಬಸವ ಜಯಂತಿ ದಿನ ಯಾರೋ "ಅಜ್ಜಾ, ಬಿಸಿಲು" ಅಂತ ನಮ್ಮ ಮಾವನವರಿಗೆ ಎರಡೆರಡು ಎಳನೀರು ಕುಡಿಸಿದ್ರು. ಕಿಡ್ನಿ ಕೆಲಸ ಮಾಡದವರಿಗೆ ಎಳನೀರಿನ ಪೊಟ್ಯಾಸಿಯಂ ಹೊರಗೆ ಹೋಗಲ್ಲ. ರಾತ್ರಿ ಹೊತ್ತಿಗೆ ಕಾಲು ಸೋತು, ಎದೆಬಡಿತ ತಪ್ಪಿ, ಪೊಟ್ಯಾಸಿಯಂ 6.9. 108 ಬರೋಕೆ ತಡ ಆಯ್ತು ಅಂತ ಖಾಸಗಿ ಆಂಬುಲೆನ್ಸ್ 2,800. ರಾತ್ರಿ ತುರ್ತು ಡಯಾಲಿಸಿಸ್ 4,500, ಹಗಲಲ್ಲಿ ಅದೇ 1,600. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಇದೆ, ಪಾಳಿ ಸಿಗೋ ತನಕ ಕಾಯಬೇಕು.

ರಾಮನವಮಿ ಪಾನಕದ್ದೂ ಇದೇ ಕಥೆ. ಬೆಲ್ಲ ಅಂದ್ರೆ ಸಕ್ಕರೆ ಅಲ್ಲ ಅಂತ ಕೂತಿದ್ದಾರೆ ಜನ. ನೀರುಮಜ್ಜಿಗೆಗೆ ಒಂದು ಹಿಡಿ ಉಪ್ಪು ಹಾಕಿ ಬಿಪಿ ಇರೋರಿಗೆ ಕುಡಿಸ್ತಾರೆ.

ಅಗ್ರಹಾರದ ಮೇಷ್ಟ್ರು

ತಾಯಿ, ಪಾನಕವನ್ನು ಬಯ್ಯಬೇಡಿ. ಬೆಲ್ಲ, ಏಲಕ್ಕಿ, ಮೆಣಸು, ಶುಂಠಿ, ನಿಂಬೆ, ಜೊತೆಗೆ ಸೌತೆಕಾಯಿ ಹಾಕಿದ ಹೆಸರುಬೇಳೆ ಕೋಸಂಬರಿ. ಚೈತ್ರದ ಬಿಸಿಲಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಸಕ್ಕರೆ ಇದ್ದವರಿಗೆ ಅರ್ಧ ಲೋಟ ಕೊಡಿ, ಕೋಸಂಬರಿ ಜಾಸ್ತಿ ಕೊಡಿ.

ಡಯಾಲಿಸಿಸ್ ಮನೆಯವಳು

ಅರ್ಧ ಲೋಟ ಅಂತ ಹೇಳೋಕೆ ಸರದಿಯಲ್ಲಿ ನೀವು ನಿಂತಿರ್ತೀರಾ? "ಪ್ರಸಾದ ಬೇಡ ಅನ್ನಬಾರದು" ಅಂತ ಎರಡನೇ ಲೋಟ ತುರುಕೋರು ನಿಮ್ಮಂಥ ಹಿರಿಯರೇ.

ಬಿಸಿಲನಾಡ ಸೊಸಿ

ಮೈಯಾಗ ನೀರು ಕಮ್ಮಿ ಆದ್ರ ಕೊಡೋ ಉಪ್ಪು-ಸಕ್ಕರಿ ಪುಡಿ, ಓಆರ್‌ಎಸ್‌ದೂ ಹೇಳ್ತೀನಿ. ನಮ್ಮ ನಾದಿನಿ ದ್ವಾದಶಿಗೆ ಪೂರ್ತಿ ಪಾಕೀಟು ಒಂದು ಲೋಟದಾಗ ಕಲಸಿ ಕುಡಿಸ್ಲಿಕ್ಕೆ ಬಂದಿದ್ರು. ಅದು ಒಂದು ಲೀಟರ್ ನೀರಿಗೆ ಹಾಕೋದು! ಪಾಕೀಟು ಇಲ್ದಿದ್ರ ಲೀಟರಿಗೆ ಆರು ಸಣ್ಣ ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು, ಸಪಾಟಾಗಿ. ಸಕ್ಕರಿ, ಕಿಡ್ನಿ ಇದ್ದವರು ಅದನ್ನೂ ಡಾಕ್ಟರನ್ನ ಕೇಳೇ ಕುಡೀಬೇಕು. ಹಣ್ಣಿನ ರುಚಿದು ಡಬ್ಬಿಯಾಗ ಬರ್ತಿತ್ತಲ್ಲ, ಅಂಥಾದ್ದಕ್ಕ ಓಆರ್‌ಎಸ್ ಅಂತ ಹೆಸರು ಹಾಕಬಾರ್ದು ಅಂತ 2025ರ ಅಕ್ಟೋಬರಿನಾಗ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನೇ ಹೇಳ್ಯದ. ನಮ್ಮ ಓಣಿ ಅಂಗಡಿಯಾಗ ಹಳೇ ಡಬ್ಬಿ ಇನ್ನೂ ಅವ, 40 ರೂಪಾಯಿ.

ಊರು ಬಿಟ್ಟ ಮಗ

ಎಲ್ಲಾರಿಗೂ ನಮಸ್ಕಾರ. ಮಾತ್ರಿ ಚೀಟಿ ಡಾಕ್ಟರಿಗೆ ಕಳಿಸೀನಿ. ಆಚಾರ್ರನ್ನ ಕರ್ಕೊಂಡು ಹೋಗ್ತೀನಿ. ಅಪೂಪ ಹೊರಗ ಮಾಡಿಸ್ಲಿಕ್ಕೆ ಅವ್ವ ಒಪ್ಪವಲ್ಲರು, ಮಡಿ ಅಂತಾರ. ಅವರ ಖೋಲಿಗೆ ಎಸಿ ಹಾಕಿಸ್ಲ್ಯಾ?

ಕಲಬುರಗಿ ಹುಡುಗ

ರಾಯಚೂರಿಗೆ ಎಸಿ ಯಾಕ್ರಿ ಅಣ್ಣಾ. ಅಲ್ಲಿ ಒಣ ಬಿಸಿಲು, ಕೂಲರ್ ಸಾಕು. ನೀರು ಆರೋ ಮುಂದ ಗಾಳಿಯೊಳಗಿನ ಬಿಸಿ ಎಳಕೊಳ್ತದ. ಕಿಟಕಿ ತೆರೆದಿಟ್ಟು, ಹೊರಗಿನ ಗಾಳಿ ಎಳಿಯಂಗ ಕೂಡಿಸ್ರಿ. ನಮ್ಮದು 9,200ರದ್ದು, ಹುಲ್ಲಿನ ಪ್ಯಾಡ್ ಪ್ರತಿ ವರ್ಷ 350, ಲಾವಂಚದ್ದಾದ್ರ 600. ಪಂಪು ಒಮ್ಮೆ ಸುಟ್ಟಿತು, 280.

ಕಡಲಬದಿಯವ

ಕೂಲರ್ ಉಡುಪಿಯಲ್ಲಿ ತಂದು ನೋಡಿ. ಸೆಕೆ ಮತ್ತೂ ಜಾಸ್ತಿ, ಹಾಸಿಗೆಯೆಲ್ಲ ಒದ್ದೆ.

ಕಲಬುರಗಿ ಹುಡುಗ

ಅದಕ್ಕೇ ರಾಯಚೂರು ಅಂದದ್ದು. ನಿಮ್ಮ ಊರಿನ ಲೆಕ್ಕ ಎಲ್ಲಾರಿಗೂ ಹಾಕಬ್ಯಾಡ್ರಿ.

ಕಡಲಬದಿಯವ

ಕರೆಂಟು ಹೋದರೆ ನಿಮ್ಮ ಕೂಲರೂ ನಿಲ್ಲುತ್ತದೆ.

ಬಿಸಿಲನಾಡ ಸೊಸಿ

ಇಬ್ರೂ ಸುಮ್ಮನಿರ್ರಿ. ತಮ್ಮಾ, ಕೂಲರ್ ಆಮ್ಯಾಲ. ಮೊದಲು ಬಚ್ಚಲಮನಿ ಗೋಡಿಗೆ ಹಿಡಿಕಿ ಬಡಿಸು, ಸ್ಟೀಲಿಂದು 650, ಬಡಿಯೋನಿಗೆ 200. ದ್ವಾದಶಿ ನಸುಕಿನ್ಯಾಗ ಅವ್ವನ ಜೊತಿ ಯಾರಾರ ಒಬ್ರು ಮಲಗೂ ಹಂಗ ನೋಡ್ಕೋ. ಎದ್ದ ಕೂಡ್ಲೆ ನಿಲ್ಲಂಗಿಲ್ಲ, ಹಾಸಿಗಿ ಮ್ಯಾಲ ಕಾಲು ಇಳಿಬಿಟ್ಟು ಸ್ವಲ್ಪ ಕೂತು ಏಳಬೇಕು. ಪಾರಣಿ ಹೊತ್ತು ಎಷ್ಟಕ್ಕ ಅಂತ ಪಂಚಾಂಗದಾಗ ಹಿಂದಿನ ದಿನಾನೇ ನೋಡಿಟ್ಟು ತೀರ್ಥದ ತಂಬಿಗಿ ಕೈಗೆ ಸಿಗಂಗ ಇಡ್ಲಿಕ್ಕೆ ಹೇಳು. ಓಣಿಯಾಗ ಯಾರೂ ಇಲ್ಲಂದ್ರ ನನಗ ತಿಳಸು, ನಾ ಅದೇ ಊರಾಗ ಇದ್ದೀನಿ.