ಅಪ್‌ಡೇಟ್: ಬಬಲ್‌ನಲ್ಲಿ ಏಸ್-ಜ್ಯಾಕ್ ಕಾಲ್

ಗೋವಾದ ಪೋಕರ್ ಟೂರ್ನಮೆಂಟ್‌ನಲ್ಲಿ ಇನ್ನೊಬ್ಬರು ಔಟಾದರೆ ಉಳಿದವರಿಗೆಲ್ಲ ದುಡ್ಡು ಎನ್ನುವಾಗ (ಇದಕ್ಕೇ ಬಬಲ್ ಅನ್ನೋದು), 18 ಬಿಗ್ ಬ್ಲೈಂಡ್ (ಪ್ರತಿ ಕೈಗೂ ಒಬ್ಬರು ಕಡ್ಡಾಯವಾಗಿ ಇಡುವ ಪಣ, ಚಿಪ್ ಅಳೆಯೋದು ಇದರಲ್ಲೇ) ಇಟ್ಟುಕೊಂಡು ಬಟನ್‌ನಿಂದ (ಡೀಲರ್ ಜಾಗ) ಏಸ್-ಜ್ಯಾಕ್ ಹಿಡಿದು ಎದುರಾಳಿಯ ಪಣಕ್ಕೆ ಕಾಲ್ ಮಾಡಿ, ಅಂದರೆ ನನ್ನ ಚಿಪ್ ಎಲ್ಲ ಹಾಕಿ, ಹೊರಬಿದ್ದೆ, ಸರಿಯಿತ್ತಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಕೂತು ಲೆಕ್ಕ ಹಾಕಿದೆ.

ಮೊದಲ ಸೀಟಿನಿಂದ ದೊಡ್ಡ ಸ್ಟ್ಯಾಕ್‌ನವರ (ಚಿಪ್ ರಾಶಿ ದೊಡ್ಡದಿದ್ದವರ) ಆಲ್-ಇನ್, ಅಂದರೆ ಇದ್ದ ಚಿಪ್ ಎಲ್ಲ ಪಣಕ್ಕೆ. ಬ್ಲೈಂಡ್, ಆಂಟಿ (ಎರಡೂ ಕಡ್ಡಾಯ ಪಣ) ಸೇರಿ ಮಧ್ಯದಲ್ಲಿ ಎರಡೂವರೆ ಬಿಗ್ ಬ್ಲೈಂಡ್. ಅಂದರೆ ನನ್ನೆದುರು ಅವರು ಹಾಕಿದ 18 ಸೇರಿ 20.5 ಗೆಲ್ಲಲು 18 ಹಾಕಬೇಕು. ಬರೀ ಚಿಪ್ ಲೆಕ್ಕಕ್ಕೇ ಶೇ 47ರಷ್ಟು ಚಾನ್ಸ್ ಬೇಕು. ಬಬಲ್‌ನಲ್ಲಿ ಇನ್ನೂ ಜಾಸ್ತಿ. ಚಿಪ್ ಡಬಲ್ ಆದರೂ ಅದರ ದುಡ್ಡಿನ ಬೆಲೆ ಡಬಲ್ ಆಗಲ್ಲ, ಅಲ್ವಾ? ಅವರು ತೋರಿಸಿದ್ದು ಏಸ್-ಕಿಂಗ್. ಅದರೆದುರು ನನ್ನದು ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಚಾನ್ಸ್. ‘ಬ್ಯಾಡ್ ಲಕ್’ ಅಂದವರು ಸುಮ್ನೆ ಸಮಾಧಾನ ಮಾಡಿದ್ದು!

ಇನ್ನು ಆ ಜಾಗದಲ್ಲಿ ಜೋಡಿ ಕ್ವೀನ್ ಅಥವಾ ಅದಕ್ಕಿಂತ ಮೇಲಿದ್ದರೆ ಮಾತ್ರ ಕಾಲ್. ಏಸ್-ಕಿಂಗ್ ಬಂದರೆ ಏನು ಮಾಡೋದು ಅಂತ ಇನ್ನೂ ತಲೆ ಕೆಡಿಸಿಕೊಳ್ಳುತ್ತಿದ್ದೇನೆ.