ಊಟ ಆದ ಮೇಲೆ ಒಂದು ಗಂಟೆ ಲಿಸ್ಪ್: ಯಾವುದರಿಂದ ಶುರು ಮಾಡಲಿ? ಅನುಭವ ಇದ್ದವರು ಹೇಳಿ

ಸೊನ್ನೆ_ಒಂದು:
ಆಫೀಸಿನಲ್ಲಿ ಜಾವಾ, ಪೈಥಾನ್ ಬರೆಯುತ್ತೇನೆ. ಮನೆಯಲ್ಲಿ ಸುಮ್ನೆ ಖುಷಿಗೆ, ಆವರಣಗಳಲ್ಲೇ ಬರೆಯುವ ಹಳೇ ಪ್ರೋಗ್ರಾಮಿಂಗ್ ಭಾಷೆ ಲಿಸ್ಪ್‌ನಲ್ಲಿ ಏನಾದರೂ ಮಾಡಬೇಕು ಅಂತ ಆಸೆ. ಮಗು ಮಲಗಿದ ಮೇಲೆ ಒಂದು ಗಂಟೆ ಸಿಗುತ್ತದೆ. 8 ಜಿಬಿ ರ್‍ಯಾಮ್ ಇರುವ ವಿಂಡೋಸ್ ಲ್ಯಾಪ್‌ಟಾಪ್. ಲಿಸ್ಪ್ ಬರೆಯುವವರು ಬಳಸುವ ಈಮ್ಯಾಕ್ಸ್ ಎಡಿಟರ್ ಬರಲ್ಲ. ಲಿಸ್ಪ್ ಬಗೆಗಳಲ್ಲಿ ಯಾವುದು: ಕಾಮನ್ ಲಿಸ್ಪಾ, ಸ್ಕೀಮಾ, ಕ್ಲೋಜರಾ? ನೀವು ಮೊದಲು ಏನು ಮಾಡಿದಿರಿ, ಅದು ಮುಗಿಯಿತಾ?

ಷಟ್ಪದಿಗ:
ನಾನು ಮಾಡಿದ್ದು ಛಂದಸ್ಸಿನ ಪ್ರಸ್ತಾರ ಹಾಕುವ ಪ್ರೋಗ್ರಾಂ, ಕಾಮನ್ ಲಿಸ್ಪ್ ಕಂಪೈಲರ್ ಆದ ಎಸ್‌ಬಿಸಿಎಲ್‌ನಲ್ಲಿ. ಪದ್ಯ ಕೊಟ್ಟರೆ ಲಘು, ಗುರು ಗುರುತಿಸಿ, ಮಾತ್ರೆ ಎಣಿಸಿ, ಗಣ ಬಿಡಿಸಬೇಕು. ಲಘುವಿಗೆ 1, ಗುರುವಿಗೆ 2. ಒಂದು ಸಾಲು ಅಂದರೆ ಒಂದು ಲಿಸ್ಟ್. ಒತ್ತಕ್ಷರದ ಹಿಂದಿನದು ಗುರು ಆಗುತ್ತದಲ್ವಾ, ಅದಕ್ಕೆ ಮುಂದಿನ ಅಕ್ಷರ ಇಣುಕಿ ನೋಡಬೇಕು. ನಾನು ಲಿಸ್ಟನ್ನೇ ತಿರುಗಿಸಿ ಕೊನೆಯಿಂದ ಓದಿದೆ. ಆಗ ಮುಂದೆ ಏನಿತ್ತು ಅನ್ನುವುದು ಕೈಯಲ್ಲೇ ಇರುತ್ತದೆ. ಪುಟ್ಟ ಫಂಕ್ಷನ್, ಮುಗೀತು.

ಗೋಳು ಶುರುವಾಗಿದ್ದು ಯೂನಿಕೋಡ್‌ನಲ್ಲಿ. ‘ಕ್ಷ’ ಎಷ್ಟುದ್ದ ಅಂತ ಕೇಳಿದರೆ 3 ಅನ್ನುತ್ತದೆ: ಕ, ಹಲಂತ, ಷ. ಗ್ರಾಫೀಮ್, ಅಂದರೆ ಅಕ್ಷರದ ಘಟಕಗಳಾಗಿ ಒಡೆಯುವ ಫಂಕ್ಷನ್ ಒಳಗೇ ಇದೆ, ಅದು 2 ತುಂಡು ಮಾಡುತ್ತದೆ: ಕ್, ಷ. ನಮಗೆ ಬೇಕಾದ ‘ಒಂದು’ ಯಾರೂ ಕೊಡಲ್ಲ. ಅದನ್ನು ನಾನೇ ಬರೆದೆ. ಆಮೇಲೂ ಕೆಲವು ಪದ್ಯಗಳಲ್ಲಿ ಮಾತ್ರ ಲೆಕ್ಕ ತಪ್ಪು. ಅದೇ ಪದ ಕೈಯಲ್ಲಿ ಟೈಪ್ ಮಾಡಿದರೆ ಸರಿ, ಕಾಪಿ ಮಾಡಿದರೆ ತಪ್ಪು. ಕೊನೆಗೆ ಒಂದೊಂದೇ ಕೋಡ್ ಪಾಯಿಂಟ್ (ಚಿಹ್ನೆಯ ಯೂನಿಕೋಡ್ ಸಂಖ್ಯೆ) ಅಚ್ಚು ಹಾಕಿಸಿ ನೋಡಿದೆ. ಹಳೇ ಫಾಂಟಿನಿಂದ ಪರಿವರ್ತಿಸಿದ ಪಠ್ಯದಲ್ಲಿ ‘ಕೋ’ ಅನ್ನುವುದರ ಸ್ವರಚಿಹ್ನೆ ಒಂದಲ್ಲ, ಮೂರು ಚೂರು: ಎತ್ವ, ಕೊಂಬು, ದೀರ್ಘದ ಗುರುತು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ದಸರಾ ರಜೆ ಪೂರ್ತಿ ಇದಕ್ಕೇ ಹೋಯಿತು. ಪಠ್ಯ ಒಳಗೆ ಬರುವಾಗಲೇ, ಚೂರುಗಳನ್ನು ಕೂಡಿಸಿ ಒಂದು ಮಾಡುವ ರೂಪವಾದ ಎನ್‌ಎಫ್‌ಸಿಗೆ ನಾರ್ಮಲೈಸ್ ಮಾಡಿಕೊಳ್ಳಿ, ಒಂದೇ ಸಾಲಿನ ಕೆಲಸ. ಇನ್ನು ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್ ಕಥೆ ಬೇರೆ. ಹಲಂತಕ್ಕೂ ಮುಂದಿನ ವ್ಯಂಜನಕ್ಕೂ ನಡುವೆ ಕೂತು, ಒತ್ತಕ್ಷರವೇ ಅಲ್ಲ ಅಂತ ಪ್ರೋಗ್ರಾಂಗೆ ಸುಳ್ಳು ಹೇಳುತ್ತದೆ.

ಮುಗಿಯಿತಾ ಅಂದರೆ, ಭಾಮಿನಿ ಷಟ್ಪದಿ ಮುಗಿಯಿತು.

ಕಸದಬುಟ್ಟಿ:
ಎಸ್‌ಬಿಸಿಎಲ್ ಡೌನ್‌ಲೋಡ್ ಮಾಡಿ ಲಿಸ್ಪ್ ಕಲಿತೆ ಅನ್ನುವವರೇ ಜಾಸ್ತಿ. ನಾನು ಲಿಸ್ಪನ್ನೇ ಬರೆದವನು, ಸಿ ಭಾಷೆಯಲ್ಲಿ. ಲಿಸ್ಪ್ ಹುಟ್ಟಿಸಿದ ಮೆಕಾರ್ಥಿ, ಲಿಸ್ಪ್ ಕೋಡನ್ನು ನಡೆಸುವ ‘ಇವಾಲ್’ ಫಂಕ್ಷನ್ ಬರೆದದ್ದು ಕಾಗದದ ಮೇಲಿನ ಸಿದ್ಧಾಂತವಾಗಿ. ಲೇಖನ ಪ್ರಕಟವಾಗಿದ್ದು 1960ರಲ್ಲಿ. ಅದಕ್ಕೂ ಮೊದಲೇ ಸ್ಟೀವ್ ರಸೆಲ್ ಅದನ್ನು ಐಬಿಎಂ 704 ಕಂಪ್ಯೂಟರಿಗೆ ಕೋಡ್ ಮಾಡಿ ಓಡಿಸಿಬಿಟ್ಟಿದ್ದರು. ಆ ಅನುಭವ ನಿಮಗೂ ಬೇಕು ಅಂದರೆ ನೀವೇ ಬರೆಯಬೇಕು.

‘ಮೇಕ್ ಎ ಲಿಸ್ಪ್’ ಅಂತ ಹನ್ನೊಂದು ಹಂತದ ಮಾರ್ಗದರ್ಶಿ ಇದೆ. ಅದನ್ನು ಹಿಡಿದರೆ ರೀಡರ್, ಇವಾಲ್, ಕ್ಲೋಷರ್ ಎಲ್ಲ ಸಲೀಸು. ಬೇಡವಾದ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್ (ಜಿಸಿ) ನಿಮ್ಮ ತಲೆಗೇ ಬಿಟ್ಟದ್ದು. ಬಳಕೆಯಲ್ಲಿರುವುದಕ್ಕೆ ಗುರುತು ಹಾಕಿ ಉಳಿದದ್ದು ಗುಡಿಸುವ ಮಾರ್ಕ್ ಅಂಡ್ ಸ್ವೀಪ್ ಹಾಕಿದೆ. ಫಿಬೊನಾಚಿ ಓಡಿತು, ಫ್ಯಾಕ್ಟೋರಿಯಲ್ ಓಡಿತು, ಮನೆಯವರನ್ನೆಲ್ಲ ಕರೆದು ತೋರಿಸಿದೆ. ದೊಡ್ಡ ಲಿಸ್ಟ್ ಸಾರ್ಟ್ ಮಾಡಲು ಕೊಟ್ಟರೆ ಪ್ರೋಗ್ರಾಂ ಸಾಯುತ್ತದೆ, ಸೆಗ್‌ಫಾಲ್ಟ್. ಅದೂ ಪ್ರತಿಸಲ ಬೇರೆ ಬೇರೆ ಜಾಗದಲ್ಲಿ. ನೋಡೋಣ ಅಂತ ಒಂದು ಪ್ರಿಂಟ್ ಸೇರಿಸಿದರೆ ಬಗ್ಗೇ ಮಾಯ. ಆಗುತ್ತಿದ್ದದ್ದು ಇಷ್ಟು: ಲಿಸ್ಟಿನ ಎರಡು ಭಾಗದ ಕೊಂಡಿಯಾದ ಕಾನ್ಸ್ ಕಟ್ಟುವಾಗ ಮೊದಲರ್ಧ ಸಿ ಫಂಕ್ಷನ್ನಿನ ಲೋಕಲ್ ವೇರಿಯಬಲ್‌ನಲ್ಲಿ ಮಾತ್ರ ಇತ್ತು. ಉಳಿದರ್ಧಕ್ಕೆ ಜಾಗ ಕೇಳಿದಾಗ ಜಿಸಿ ಎದ್ದಿತು, ಮೊದಲರ್ಧಕ್ಕೆ ವಾರಸುದಾರರೇ ಇಲ್ಲ ಅಂತ ಗುಡಿಸಿಹಾಕಿತು. ಇಡೀ ಮಳೆಗಾಲ ಇದರಲ್ಲೇ ಕಳೆಯಿತು. ಪ್ರತಿ ಅಲೊಕೇಶನ್‌ಗೂ ಜಿಸಿ ಓಡಿಸುವ ಫ್ಲ್ಯಾಗ್ ಹಾಕಿದ ದಿನ ಸಿಕ್ಕಿಬಿತ್ತು. ಆಮೆಗತಿ, ಆದರೆ ಸಾಯುವುದು ಒಂದೇ ಜಾಗದಲ್ಲಿ.

ಷಟ್ಪದಿಗ ಅವರ ಕೆಲಸ ಪೈಥಾನ್‌ನಲ್ಲೂ ಆಗುತ್ತಿತ್ತು. ಅದರಲ್ಲಿ ಲಿಸ್ಪ್ ಏನಿದೆ?

ಷಟ್ಪದಿಗ:
ಏನಿದೆಯಾ? ನನ್ನ ಫೈಲಿನಲ್ಲಿ ಭಾಮಿನಿಯ ಅರ್ಧ ಪದ್ಯದ ಲಕ್ಷಣ ಹೀಗಿದೆ:

(ಛಂದಸ್ಸು ಭಾಮಿನಿ (3 4 3 4) (3 4 3 4) (3 4 3 4 3 4 ಗುರು))

ಲಕ್ಷಣ ಬರೆದರೆ ಸಾಕು, ಮ್ಯಾಕ್ರೋ ಅದನ್ನೇ ಪರೀಕ್ಷೆ ಮಾಡುವ ಫಂಕ್ಷನ್ ಆಗಿ ಬಿಡಿಸಿ ಕಂಪೈಲ್ ಮಾಡುತ್ತದೆ. ಪೈಥಾನ್‌ನಲ್ಲಿ ಮಾಡಿ ತೋರಿಸಿ.

ಕಸದಬುಟ್ಟಿ:
ಪೈಥಾನ್‌ನಲ್ಲಿ ಅದಕ್ಕೆ ಡಿಕ್ಷನರಿ ಅಂತಾರೆ ಗುರು. ಒಂದು ಲೂಪ್ ಸಾಕು. ಮ್ಯಾಕ್ರೋ ಬೇಕಾಗಿದ್ದು ನಿಮ್ಮ ಖುಷಿಗೆ, ಪದ್ಯಕ್ಕಲ್ಲ.

ಬೆಳ್ಳಂದೂರು_ಬೈಟ್:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಪ್ರಶ್ನೆ ಕೇಳಿದವರಿಗೆ ಜಾವಾ ಬರುತ್ತೆ, ಕ್ಲೋಜರ್ ಕಲಿಯಲಿ. 2007ರಲ್ಲಿ ಬಂದ ಭಾಷೆ, ಜಾವಾ ಓಡುವ ಜೆವಿಎಂ ಮೇಲೇ ಓಡುತ್ತೆ, ಜಾವಾ ಲೈಬ್ರರಿ ಎಲ್ಲ ಕೈಗೆ ಸಿಗುತ್ತೆ. ನಾನು ಮನೆ ಖರ್ಚಿನ ಲೆಕ್ಕಕ್ಕೆ ಅಂತ ಶುರು ಮಾಡಿದ್ದು. ಬ್ಯಾಂಕಿನ ಸ್ಟೇಟ್‌ಮೆಂಟ್ ಓದಿಸಿ, ಹಾಲು, ದಿನಸಿ, ಪೆಟ್ರೋಲ್ ಅಂತ ಬೇರೆ ಮಾಡೋದು. ಒಂದೇ ಬ್ಯಾಂಕ್ ತಾರೀಕನ್ನು ಮೂರು ಥರ ಬರೆಯುತ್ತೆ ಅಂತ ಆಗ ಗೊತ್ತಾಯಿತು. ಯುಪಿಐ ವಿವರದ ಕಾಲಂನಲ್ಲಿ ಅಲ್ಪವಿರಾಮ ಇದ್ದರೆ ಇಡೀ ಸಾಲು ಪಕ್ಕಕ್ಕೆ ಜರುಗಿ, ನನ್ನ ಹಾಲಿನ ಖರ್ಚು ಒಂದು ತಿಂಗಳು ₹41,000 ತೋರಿಸಿತ್ತು. ಸಣ್ಣ ತಪ್ಪಿಗೂ ಪರದೆ ತುಂಬ ಸ್ಟ್ಯಾಕ್ ಟ್ರೇಸ್ ಬರುತ್ತೆ, ನಿಜ. ಪ್ರೋಗ್ರಾಂ ಏಳೋಕೆ ಜೆವಿಎಂ ಸತಾಯಿಸುತ್ತೆ, ಅದೂ ನಿಜ. ಅದಕ್ಕೆ ಜೆವಿಎಂ ಇಲ್ಲದೆ ಕ್ಲೋಜರ್ ಓಡಿಸುವ ಬಬಾಷ್ಕಾ ಇದೆ, ಚಿಟಿಕೆಯಲ್ಲಿ ಏಳುತ್ತೆ. ಆದರೆ ಇದೇ ಹವ್ಯಾಸ ತೋರಿಸಿ ನನಗೆ ಕೆಲಸ ಸಿಕ್ಕಿದ್ದು. ಷಟ್ಪದಿ ಎಣಿಸಿ ಯಾರಿಗೆ ಸಿಕ್ಕಿದೆ ಹೇಳಿ.

ಕಸದಬುಟ್ಟಿ:
ಕಾನ್ಸ್ ಸೆಲ್ ಇಲ್ಲದ್ದು ಲಿಸ್ಪ್ ಹೇಗೆ? ಟೇಲ್ ಕಾಲ್ (ಫಂಕ್ಷನ್ ಕೊನೆಗೆ ಮಾಡುವ ಕರೆಗೆ ಸ್ಟ್ಯಾಕ್ ಬೆಳೆಯದಂತೆ ನೋಡುವುದು) ಕೂಡ ತಾನಾಗೇ ಆಗಲ್ಲ, ‘ರಿಕರ್’ ಅಂತ ಕೈಯಾರೆ ಬರೀಬೇಕು.

ಬೆಳ್ಳಂದೂರು_ಬೈಟ್:
ಟೇಲ್ ಕಾಲ್ ಖಾತ್ರಿ ಕೊಡುವುದು ಸ್ಕೀಮ್. 1994ರ ಕಾಮನ್ ಲಿಸ್ಪ್ ಸ್ಟ್ಯಾಂಡರ್ಡ್‌ನಲ್ಲೂ ಆ ಖಾತ್ರಿ ಇಲ್ಲ. ಹಾಗಾದರೆ ಅದೂ ಲಿಸ್ಪ್ ಅಲ್ವಾ? ಸ್ವಂತ ಲಿಸ್ಪ್ ಬರೆದವರು ಇಷ್ಟಾದರೂ ಓದಿರಬೇಕಿತ್ತು.

ತೋಟದ_ರೆಪ್ಲ್:
ನಿಮ್ಮ ಜಗಳ ಮುಗಿಯುವುದಲ್ಲ ಮಾರಾಯ್ರೆ. ನಾನು ತೀರ್ಥಹಳ್ಳಿ ಕಡೆಯವ. ಅಡಿಕೆ ತೋಟಕ್ಕೆ ನೀರು ಬಿಡಲು, ಪುಟ್ಟ ಬೋರ್ಡುಗಳಲ್ಲಿ ಓಡುವ ಲಿಸ್ಪ್ ಆದ ಯುಲಿಸ್ಪ್ ಹಾಕಿದ್ದೇನೆ. ಮೊದಲು ಆರ್ಡುಯಿನೋ ಊನೋದಲ್ಲಿ ನೋಡಿದೆ, ಅದರ ರ್‍ಯಾಮ್ ಬರೀ 2 ಕೆಬಿ. ಎರಡು ಫಂಕ್ಷನ್ ಬರೆದು ಮೂರನೆಯದಕ್ಕೆ ಜಾಗ ಇಲ್ಲ ಅಂತು. ಇಎಸ್‌ಪಿ32ಕ್ಕೆ ಬಂದೆ. ಬೋರ್ಡ್ ₹450, ಮಣ್ಣಿನ ತೇವ ನೋಡುವ ಸೆನ್ಸರ್ ₹120ರಂತೆ ನಾಲ್ಕು, ನೀರು ಹೋಗದ ಡಬ್ಬಿ ₹300, ರಿಲೇ ₹90. ಸೆನ್ಸರಿನ ಅಂಚಿಗೆ ನೀರು ಇಳಿದು ಒಂದೇ ಮಳೆಗೆ ಎರಡು ಹೋದವು. ಉಳಿದವಕ್ಕೆ ನೇಲ್ ಪಾಲಿಶ್ ಬಳಿದೆ, ಅದು ಮನೆಯವಳದ್ದು, ಅದರ ಖರ್ಚು ಬೇರೆ. ಜೂನ್‌ನಲ್ಲಿ ಸಿಡಿಲಿಗೆ ಬೋರ್ಡೇ ಹೋಯಿತು. ಮತ್ತೆ ₹450.

ಆದರೂ ಬಿಡಲಿಲ್ಲ, ಯಾಕೆ ಅಂದರೆ ಇದಕ್ಕೆ: ಪಂಪ್ ಓಡುತ್ತಿರುವಾಗಲೇ ತೋಟದಲ್ಲಿ ಕೂತು, ಕೇಬಲ್ ಸಿಕ್ಕಿಸಿ, ಎಷ್ಟು ಒಣಗಿದರೆ ನೀರು ಬಿಡಬೇಕು ಅನ್ನುವ ಫಂಕ್ಷನ್ ಒಂದನ್ನೇ ಬದಲಾಯಿಸಬಹುದು. ಕಂಪೈಲ್ ಇಲ್ಲ, ಅಪ್‌ಲೋಡ್ ಇಲ್ಲ. ಕರೆಂಟ್ ಹೋಗುವ ಮುಂಚೆ ಇಮೇಜ್, ಅಂದರೆ ಓಡುತ್ತಿರುವ ಪ್ರೋಗ್ರಾಂ ಪೂರ್ತಿ, ಸೇವ್ ಮಾಡಿಟ್ಟರೆ ಬಂದಾಗ ಅದೇ ಓಡುತ್ತದೆ. 1999ರಲ್ಲಿ ನಾಸಾದವರು ಡೀಪ್ ಸ್ಪೇಸ್ 1 ನೌಕೆಯಲ್ಲಿ ಲಿಸ್ಪ್ ಓಡಿಸಿ, ಆಕಾಶದಲ್ಲಿದ್ದಾಗಲೇ ಬಗ್ ಹುಡುಕಿದ್ದರು. ನನ್ನದು ಹೊಂಡದ ಪಕ್ಕ, ಅಷ್ಟೇ.

ಬೆಳ್ಳಂದೂರು_ಬೈಟ್:
ಟೈಮರ್ ಸ್ವಿಚ್ ₹600ಕ್ಕೆ ಸಿಗುತ್ತೆ ಸರ್.

ತೋಟದ_ರೆಪ್ಲ್:
ಮಳೆ ಬರುವಾಗಲೂ ನೀರು ಬಿಡುವ ಟೈಮರ್ ನಿಮ್ಮ ಬಾಲ್ಕನಿ ಕುಂಡಕ್ಕೆ ಇಟ್ಟುಕೊಳ್ಳಿ.

ಸೊನ್ನೆ_ಒಂದು:
ಎಲ್ಲರಿಗೂ ಥ್ಯಾಂಕ್ಸ್. ವಿಂಡೋಸ್‌ನಲ್ಲಿ, ಈಮ್ಯಾಕ್ಸ್ ಇಲ್ಲದೆ ಆಗುತ್ತಾ ಅನ್ನುವುದೇ ನನ್ನ ಮುಖ್ಯ ಅನುಮಾನ.

ಆವರಣ_ಗೌರಿ:
ಡಾಕ್ಟರ್ ರ್‍ಯಾಕೆಟ್ ಹಾಕಿಕೊಳ್ಳಿ, ಸ್ಕೀಮ್ ವಂಶದ ಭಾಷೆಗೆ ಎಡಿಟರ್ ಸಹಿತ ಒಂದೇ ಇನ್‌ಸ್ಟಾಲರ್. ನಾನು ಅದರಲ್ಲೇ ಮಕ್ಕಳಿಗೆ ಕನ್ನಡದಲ್ಲಿ ಬರೆಯುವ ಹಾಗೆ ಮಾಡಿದೆ. ಹೆಸರುಗಳು ಕನ್ನಡದಲ್ಲಿರಬಹುದು, ಮ್ಯಾಕ್ರೋ ಹಾಕಿದರೆ ‘ಡಿಫೈನ್’ ಅನ್ನುವ ಇಂಗ್ಲಿಷ್ ಪದ ಕೂಡ ಹೋಗುತ್ತದೆ:

(ಸೂತ್ರ (ವರ್ಗ ಕ) (* ಕ ಕ))

ಇದು ನಿಜವಾಗಿ ಓಡುತ್ತದೆ! ತೊಂದರೆ ಎಲ್ಲಿ ಅಂದರೆ ಕೀಲಿಮಣೆಯಲ್ಲಿ. ಇನ್‌ಸ್ಕ್ರಿಪ್ಟ್‌ನಲ್ಲಿ ಕೋಟ್ ಕೀ ಒತ್ತಿದರೆ ‘ಟ’ ಬರುತ್ತದೆ, ಕಮೆಂಟಿನ ಸೆಮಿಕೋಲನ್ ಒತ್ತಿದರೆ ‘ಚ’. ಲಿಸ್ಪ್‌ಗೆ ಅತಿ ಬೇಕಾದ ಎರಡು ಚಿಹ್ನೆಗಳೇ ಇಲ್ಲ. ಪ್ರತಿ ಸಾಲಿಗೂ ಭಾಷೆ ಬದಲಾಯಿಸಿ ಬದಲಾಯಿಸಿ ಮಗಳು ಬೇಜಾರಾಗಿ ಎದ್ದು ಹೋದಳು. ₹3,800 ಕೊಟ್ಟು ಪ್ರೋಗ್ರಾಂ ಮಾಡಬಹುದಾದ ಕೀಬೋರ್ಡ್ ತಂದೆ, ಮೂಲೆಯ ಎರಡು ಕೀಗಳಿಗೆ ಅವನ್ನೇ ಹಾಕಿದೆ. ಈಗ ಅವಳು ಅದರಲ್ಲಿ ಗೇಮ್ ಆಡುತ್ತಾಳೆ.

ಬೆಳ್ಳಂದೂರು_ಬೈಟ್:
ಕನ್ನಡ ಕೀವರ್ಡ್ ಇಟ್ಟು ಏನು ಸಾಧನೆ ಮೇಡಂ? ನಾಳೆ ಎರರ್ ಮೆಸೇಜ್ ಇಂಗ್ಲಿಷ್‌ನಲ್ಲೇ ಬರುತ್ತಲ್ಲ.

ಆವರಣ_ಗೌರಿ:
ಅದನ್ನೂ ಹಿಡಿದು ಕನ್ನಡದಲ್ಲಿ ತೋರಿಸುತ್ತೇನೆ. ಎಲ್ಲದಕ್ಕೂ ಸಂಬಳದ ಲೆಕ್ಕ ಹಾಕುವವರು ಹವ್ಯಾಸದ ಮಾತಿಗೆ ಯಾಕೆ ಬರಬೇಕು?

ನಿವೃತ್ತ_ಮೇಷ್ಟ್ರು:
ನನಗೆ ಲಿಸ್ಪ್ ತಿಳಿಯದು. ಷಟ್ಪದಿಗ ಅವರೇ, ಮೂರನೇ ಸಾಲಿನ ಕೊನೆಯ ಅಕ್ಷರ ಲಘುವಾಗಿದ್ದರೂ ಗುರು ಅಂತಲೇ ಎಣಿಸಬೇಕು. ನಿಮ್ಮ ಯಂತ್ರ ಅದನ್ನು ಮಾಡುತ್ತದೆಯೇ? ಹಳಗನ್ನಡಕ್ಕೆ ಹೋದರೆ ಶಿಥಿಲದ್ವಿತ್ವ ಇದೆ. ಕೆಲವು ಒತ್ತಕ್ಷರ ತೇಲಿಸಿ ಹೇಳಬೇಕು, ಹಿಂದಿನದು ಲಘುವಾಗಿಯೇ ಉಳಿಯುತ್ತದೆ.

ಷಟ್ಪದಿಗ:
ಮೊದಲನೆಯದು ಮಾಡುತ್ತದೆ ಸರ್, ಅದಕ್ಕೇ ಅಲ್ಲಿ 2 ಬದಲು ‘ಗುರು’ ಅಂತ ಬರೆದಿದ್ದು. 22 ಮಾತ್ರೆ ಬಂದರೂ 23 ಅಂತ ಒಪ್ಪುತ್ತದೆ. ಶಿಥಿಲದ್ವಿತ್ವಕ್ಕೆ ನಿಯಮ ಸಾಲುವುದಿಲ್ಲ, ಪದಗಳ ಪಟ್ಟಿಯೇ ಬೇಕು. ಸೇರಿಸುತ್ತಾ ಇದ್ದೇನೆ.

ಕಸದಬುಟ್ಟಿ:
ಪಟ್ಟಿ ಅಂತೆ. ಮ್ಯಾಕ್ರೋ ಎಲ್ಲಿ ಹೋಯ್ತು? ಊಟ ಮಾಡಿ ಬರುವಷ್ಟರಲ್ಲಿ ಪೈಥಾನ್‌ನಲ್ಲಿ ಬರೆದೆ. ನಾರ್ಮಲೈಸ್ ಸಹಿತ.

ಷಟ್ಪದಿಗ:
ಒಂದು ಕಂದ ಕೊಟ್ಟು ನೋಡಿ. ಸಾಲುಗಳ ಮಾತ್ರೆ 12, 20, 12, 20 ಬರಬೇಕು.

ಕಸದಬುಟ್ಟಿ:
ಬಂತು. ಮೂರನೇ ಸಾಲು 13.

ಷಟ್ಪದಿಗ:
13 ಬಂದರೆ ‘ಬಂತು’ ಅಂತಾರಾ?

ಕಸದಬುಟ್ಟಿ:
ಅದು ಟೈಪ್ ಮಾಡಿದವರ ತಪ್ಪು, ಪ್ರೋಗ್ರಾಂದಲ್ಲ.

ನಿವೃತ್ತ_ಮೇಷ್ಟ್ರು:
ಮಾತ್ರೆ ಕೂಡಿದ ಮಾತ್ರಕ್ಕೆ ಕಂದ ಆಗುವುದಿಲ್ಲ. ಬೆಸ ಗಣದಲ್ಲಿ ಜಗಣ (ಲಘು, ಗುರು, ಲಘು) ಬರಬಾರದು, ಆರನೆಯದು ಜಗಣವೋ ಸರ್ವಲಘುವೋ ಆಗಿರಬೇಕು. ಅದನ್ನು ಇಬ್ಬರೂ ನೋಡಿಲ್ಲ. ಆ ಮೂರನೇ ಸಾಲು ಇಲ್ಲಿ ಹಾಕಿ, ಕೈಯಲ್ಲೇ ಪ್ರಸ್ತಾರ ಹಾಕಿ ಹೇಳುತ್ತೇನೆ.